ಕಾಲೇಜಿನ ಪಂಚಾಂಗ, ಬೆಳೆಯ ಪಂಚಾಂಗ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಬಿದ್ದ ಮಳೆ ತುಂಗೆಯಾಗಿ, ಭದ್ರೆಯಾಗಿ ಇಳಿದು, ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿ, ಹರಿಹರಗಳ ಕಡೆಗೆ ಸಾಗುತ್ತದೆ. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಹೊರಟ ಭದ್ರಾ ನಾಲೆಯ ನೀರು ದಾವಣಗೆರೆ, ಹರಿಹರ ಸೀಮೆಯ ಗದ್ದೆಗಳನ್ನು ತಲುಪುತ್ತದೆ. ಹರಿಹರ ತಾಲ್ಲೂಕಿನ ಕೊಕ್ಕನೂರು ಆ ಭತ್ತದ ಸೀಮೆಯ ಒಂದು ಊರು. ನೀರು ಇಳಿದ ದಾರಿಯಲ್ಲೇ ಮಲೆನಾಡಿನ ಮಕ್ಕಳೂ ಇಳಿದು ಹೋಗಿ ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳನ್ನು ಸೇರುತ್ತಾರೆ. ಅಲ್ಲಿ ಅವರು ಕೊನೆಯ ವರ್ಷದಲ್ಲಿ ಮಾಡುವ ತಾಂತ್ರಿಕ ಪ್ರಾಜೆಕ್ಟು ಕೊಕ್ಕನೂರಿನ ಭತ್ತದ ರೈತನಿಗಾಗಲಿ, ತೀರ್ಥಹಳ್ಳಿಯ ಅಡಿಕೆ ಬೆಳೆಗಾರನಿಗಾಗಲಿ ಏನನ್ನು ಕೊಡಬಲ್ಲದು ಎಂಬುದೇ ಇಂದಿನ ವಿಚಾರ.

ದಾವಣಗೆರೆ, ಹರಿಹರಗಳಿಗೆ ಉದ್ಯಮ ಮತ್ತು ವಿದ್ಯೆಯ ನಂಟು ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಯಿತು. 1951ರಲ್ಲಿ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಅವರ ಹೆಸರನ್ನು ಅದು ಇಂದಿಗೂ ಹೊತ್ತಿದೆ. 1979ರಲ್ಲಿ ಬಾಪೂಜಿ ತಾಂತ್ರಿಕ ಮಹಾವಿದ್ಯಾಲಯ ಬಂದಿತು. ಹತ್ತಿಗಿರಣಿಗಳ ಕಾಲ ಮುಗಿಯಿತು, ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದ ಹೊತ್ತಿಗೆ ಮುಚ್ಚಿತು. ಆದರೆ ಲೇತಿನ ಮೇಲೆ ಪಳಗಿದ ಕೈಗಳ ಕೌಶಲ ಕಾರ್ಖಾನೆಯ ಬಾಗಿಲಿನೊಂದಿಗೆ ಮುಚ್ಚಿಹೋಗುವಂಥದ್ದಲ್ಲ. ಕಾಲೇಜು, ವರ್ಕ್‌ಶಾಪು, ಹೊಲಗದ್ದೆ ಮೂರೂ ಒಂದು ಗಂಟೆಯ ಪ್ರಯಾಣದೊಳಗೆ ದೊರೆಯುವ ಇಂಥ ಸ್ಥಳ ನಾಡಿನಲ್ಲಿ ಹೆಚ್ಚಿಲ್ಲ.

ಸರ್ಕಾರಿ ವ್ಯವಸ್ಥೆಗೂ ಕೊರತೆಯಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಲ್ಲಿ ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ, 1977ರಲ್ಲಿ, ಅದು ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ನೀಡುವ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಿತು. 2014ರಲ್ಲಿ ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನ ಬಂದಿತು. ಅದರಲ್ಲಿ ಕಾಲೇಜುಗಳು ಹಳ್ಳಿಗಳನ್ನು ಆಯ್ದುಕೊಂಡು ಕೆಲಸ ಮಾಡಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018ರ ಪಠ್ಯಕ್ರಮದಲ್ಲಿ ಸಮಾಜದ ನಡುವಿನ ಚಟುವಟಿಕೆಗಳಿಗೂ ಅಂಕ ಗಳಿಸಬೇಕೆಂಬ ನಿಯಮ ತಂದಿತು. ಆದರೂ ಪ್ರಾಜೆಕ್ಟಿನ ವರದಿ ರಟ್ಟು ಕಟ್ಟಿಸಿಕೊಂಡು ಗ್ರಂಥಾಲಯದ ಕಪಾಟು ಸೇರುವುದು, ಯಂತ್ರದ ಮಾದರಿ ವಿಭಾಗದ ಮೂಲೆಯಲ್ಲಿ ತುಕ್ಕು ಹಿಡಿಯುವುದು ತೀರ ಸಾಮಾನ್ಯ. ಹೀಗೇಕೆ?

ಮೊದಲನೆಯ ಕಾರಣ ಬಹಳ ಸರಳ. ಕಾಲೇಜಿನ ಪಂಚಾಂಗ ಒಂದು, ಬೆಳೆಯ ಪಂಚಾಂಗ ಇನ್ನೊಂದು.

ಅಂತಿಮ ವರ್ಷದ ಪ್ರಾಜೆಕ್ಟು ರೂಪ ತಳೆಯುವುದು ಸಾಮಾನ್ಯವಾಗಿ ಕೊನೆಯ ಸೆಮಿಸ್ಟರಿನಲ್ಲಿ, ಅಂದರೆ ಫೆಬ್ರವರಿಯಿಂದ ಮೇ ತಿಂಗಳವರೆಗೆ. ಮಲೆನಾಡಿನಲ್ಲಿ ಅಡಿಕೆಯ ಕೊನೆಕೊಯ್ಲು, ಸುಲಿತ, ಬೇಯಿಸುವ ಕೆಲಸ ನಡೆಯುವುದು ಮಳೆ ಹಿಂದೆಗೆದ ಮೇಲೆ; ಸಂಕ್ರಾಂತಿಯ ಆಚೀಚೆಗೆ ಬಹುಪಾಲು ಮುಗಿದಿರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮುಂಗಾರಿನ ಹೊಸ್ತಿಲಲ್ಲಿ, ಮತ್ತೆ ನಲವತ್ತು ದಿನಗಳ ಬಳಿಕ ಮಳೆ ಬಿಟ್ಟ ಹೊಳವಿನಲ್ಲಿ. ಅಡಿಕೆ ಸುಲಿಯುವ ಯಂತ್ರ ಮಾಡಿದ ಹುಡುಗರಿಗೆ ಏಪ್ರಿಲಿನಲ್ಲಿ ಹಸಿ ಅಡಿಕೆ ಎಲ್ಲಿ ಸಿಗಬೇಕು? ಮರ ಏರುವ ಸಾಧನ ಮಾಡಿದವರು ಬೇಸಿಗೆಯ ಒಣ ಮರದ ಮೇಲೆ ಪರೀಕ್ಷಿಸಿ ಯಶಸ್ವಿ ಎಂದು ಬರೆಯುತ್ತಾರೆ. ಆದರೆ ಬೆಳೆಗಾರನಿಗೆ ಅದು ಬೇಕಾಗುವುದು ಜುಲೈ ತಿಂಗಳಲ್ಲಿ, ಪಾಚಿಗಟ್ಟಿ ಜಾರುವ ಮರಕ್ಕೆ. ಅಲ್ಲಿ ಹಿಡಿತ ತಪ್ಪಿದರೆ ಹೋಗುವುದು ಅಂಕವಲ್ಲ, ಕೊನೆಗೌಡನ ಸೊಂಟ ಅಥವಾ ಜೀವ.

ಬಯಲಿನಲ್ಲೂ ಇದೇ ತೊಡಕು. ಹರಿಹರ ಸೀಮೆಯ ಮುಂಗಾರಿನ ಭತ್ತದ ನಾಟಿ ಜುಲೈ, ಆಗಸ್ಟಿನಲ್ಲಿ. ಕಟಾವು ವರ್ಷಾಂತ್ಯದ ಹೊತ್ತಿಗೆ. ನಾಲೆಗೆ ನೀರು ಬಿಟ್ಟರೆ ಬೇಸಿಗೆ ಬೆಳೆಯ ನಾಟಿ ಜನವರಿ, ಫೆಬ್ರವರಿಯಲ್ಲಿ. ಅದರ ಕಟಾವಿಗೆ ವಿದ್ಯಾರ್ಥಿಗಳ ಪರೀಕ್ಷೆ ಎದುರು ನಿಂತಿರುತ್ತದೆ. ನಾಲೆಯ ಕೊನೆಯ ಭಾಗದ ರೈತರಿಗೆ ನೀರು ಯಾವ ದಿನ ಬಂತು, ಎಷ್ಟು ಬಂತು ಎಂದು ಅಳೆಯುವ ಸಾಧನ ಬೇಕಿದ್ದರೆ ಅದು ಒಂದು ಸೆಮಿಸ್ಟರಿನ ಕೆಲಸವಲ್ಲ. ಕನಿಷ್ಠ ಎರಡು ಬೆಳೆಗಳ ಉದ್ದಕ್ಕೂ ಗದ್ದೆಯ ಬದುವಿನ ಮೇಲೆ ನಿಂತು ಮಾಡುವ ಕೆಲಸ.

ಎರಡನೆಯ ಕಾರಣ, ಪ್ರಶ್ನೆ ಯಾರದು ಎಂಬುದು. ಇದಕ್ಕೆ ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯ ಅನುಭವವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದರು. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯ ಶಕ್ತಿಬಳಕೆಯನ್ನು ಅಳೆಯಿತು. ಬಳಕೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಸೌದೆಯೇ ಎಂದೂ, ಅದನ್ನು ಹೊತ್ತು ತರುವ ಶ್ರಮದ ದೊಡ್ಡ ಪಾಲು ಹೆಂಗಸರು, ಮಕ್ಕಳ ಮೇಲಿದೆ ಎಂದೂ ತಿಳಿಯಿತು. ಹಾಗಾಗಿ ನೂರು ಮನೆಗಳೂ ಇಲ್ಲದ ಪುರದಲ್ಲಿ ಅಡುಗೆಗೆಂದು ಸಮುದಾಯ ಗೋಬರ್ ಅನಿಲ ಸ್ಥಾವರ ಕಟ್ಟಿದರು. ಲೆಕ್ಕ ಸರಿಯಿತ್ತು, ಆಶಯವೂ ಸರಿಯಿತ್ತು. ಆದರೆ ಎಲ್ಲ ಮನೆಗಳ ಅಡುಗೆಗೆ ಸಾಕಾಗುವಷ್ಟು ಸಗಣಿ ಬರಲಿಲ್ಲ, ಅನಿಲ ಸಾಲಲಿಲ್ಲ, ಜನರ ಆಸಕ್ತಿ ಕುಂದಿತು.

ತಂಡ ಅಲ್ಲಿಗೆ ವರದಿ ಬರೆದು ಎದ್ದುಹೋಗಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂಬುದು ಮಾತುಕತೆಯಿಂದ ಹೊರಬಂದಿತು. 1987ರಿಂದ ಅದೇ ಅನಿಲವನ್ನು ಎಂಜಿನ್ನಿಗೆ ಕೊಟ್ಟು ವಿದ್ಯುತ್ ತೆಗೆದು, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಹರಿಸಲಾಯಿತು, ಮನೆಗಳಿಗೆ ದೀಪ ಕೊಡಲಾಯಿತು. ಸಗಣಿ ತಂದವರಿಗೆ ತೂಕದ ಮೇಲೆ ಸಣ್ಣ ಕೂಲಿ; ಸ್ಥಾವರದಿಂದ ಹೊರಬಂದ ಗೊಬ್ಬರ ಅವರವರ ಮನೆಗೇ ವಾಪಸು. ಊರಿನ ಯುವಕರೇ ಯಂತ್ರ ನಡೆಸಿದರು, ಗ್ರಾಮ ವಿಕಾಸ ಸಭೆ ಲೆಕ್ಕ ನೋಡಿಕೊಂಡಿತು. ವರ್ಷಗಳ ಕಾಲ ನಡೆದ ಆ ವ್ಯವಸ್ಥೆ ಮುಂದೆ ನಿಂತಿತು. ಆದರೆ ಅದು ಕಲಿಸಿದ ಪಾಠ ಉಳಿದಿದೆ: ಮೊದಲ ಸಲ ಸೋತದ್ದೂ ಎರಡನೆಯ ಸಲ ಗೆದ್ದದ್ದೂ ಒಂದೇ ಅನಿಲ. ಬದಲಾದದ್ದು ಪ್ರಶ್ನೆ, ಮತ್ತು ಪ್ರಶ್ನೆ ಕೇಳಿದವರು.

ಮೂರನೆಯ ಕಾರಣ, ಪರೀಕ್ಷೆ ಮುಗಿದ ಮರುದಿನ ಯಂತ್ರದ ಜವಾಬ್ದಾರಿ ಯಾರದು ಎಂಬುದು. ವಿದ್ಯಾರ್ಥಿ ಪದವಿ ಪಡೆದು ಊರು ಬಿಡುವುದು ಸಹಜ, ಅದನ್ನು ಆಕ್ಷೇಪಿಸುವಂತಿಲ್ಲ. ಆದ್ದರಿಂದಲೇ ಉದ್ಯಮಿ ಬೇಕು. ಉದ್ಯಮಿ ಎಂದರೆ ದೊಡ್ಡ ಬಂಡವಾಳಗಾರನೇ ಆಗಬೇಕಿಲ್ಲ. ಪೇಟೆಯ ವೆಲ್ಡಿಂಗ್ ಶಾಪಿನವರೂ ಉದ್ಯಮಿಗಳೇ. ಸೆಲ್ಕೊ ಸಂಸ್ಥೆಯ ಹರೀಶ್ ಹಂದೆಯವರು ಅಮೆರಿಕದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಶ್ರೀಲಂಕಾದ ವಿದ್ಯುತ್ ಇಲ್ಲದ ಹಳ್ಳಿಗಳಲ್ಲಿ ವಾಸವಿದ್ದು ಸೌರದೀಪದ ವಿಚಾರ ಅಭ್ಯಾಸ ಮಾಡಿದರು. 1995ರಲ್ಲಿ ಕರ್ನಾಟಕದಲ್ಲಿ ಸಂಸ್ಥೆ ಆರಂಭಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಸೌರಫಲಕವನ್ನು ಅವರು ಕಂಡುಹಿಡಿಯಲಿಲ್ಲ. ದೀಪ ಕೆಟ್ಟರೆ ಬಂದು ನೋಡುವ ಸೇವಾಕೇಂದ್ರ ಹತ್ತಿರದ ಪೇಟೆಯಲ್ಲಿರಬೇಕು, ಬಡವನ ಆದಾಯದ ಬಗೆಗೆ ಹೊಂದುವ ಕಂತಿನಲ್ಲಿ ಬ್ಯಾಂಕು ಸಾಲ ಕೊಡಬೇಕು ಎಂಬ ಎರಡು ವಿಷಯಗಳನ್ನು ಹಿಡಿದು ಕೆಲಸ ಮಾಡಿದರು.

ಪ್ರಶ್ನೆ ಸ್ವಂತದ್ದಾಗಿದ್ದರೆ ರೈತನೇ ಯಂತ್ರ ಕಟ್ಟಬಲ್ಲ ಎಂಬುದಕ್ಕೂ ನಿದರ್ಶನ ಉಂಟು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ ಅಡಿಕೆಮರ ಏರುವ ಬೈಕು 2019ರಲ್ಲಿ ನಾಡಿನ ಗಮನ ಸೆಳೆಯಿತು. ಇಂಥ ಕಡೆ ವಿದ್ಯಾರ್ಥಿಯ ಪಾತ್ರ ಮರಳಿ ಹೊಸತನ್ನು ಕಂಡುಹಿಡಿಯುವುದಲ್ಲ. ಒದ್ದೆ ಮರದಲ್ಲಿ ಬ್ರೇಕು ಎಷ್ಟು ಹಿಡಿಯುತ್ತದೆ, ಯಾವ ಭಾಗ ಬೇಗ ಸವೆಯುತ್ತದೆ, ಬೆಲೆ ಎಲ್ಲಿ ತಗ್ಗಿಸಬಹುದು ಎಂದು ಅಳೆದು ಹೇಳುವುದು. 2023ರ ಫೆಬ್ರವರಿಯಲ್ಲಿ ಕ್ಯಾಂಪ್ಕೊ ಸಂಸ್ಥೆಯ ಸಹಯೋಗದಲ್ಲಿ ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಕೃಷಿ ಯಂತ್ರಮೇಳ ನಡೆಯಿತು. ಬೆಳೆಗಾರರ ಸಹಕಾರಿ ಸಂಸ್ಥೆ, ಯಂತ್ರ ತಯಾರಕರು, ಕಾಲೇಜು ಒಂದೇ ಅಂಗಳದಲ್ಲಿ ಸೇರುವ ಇಂಥ ಏರ್ಪಾಡು ಘಟ್ಟದ ಮೇಲೂ ಬೇಕು.

ಬಯಲಿಗೂ ಮಲೆನಾಡಿಗೂ ಒಟ್ಟಾಗಿ ಉಪಯೋಗವಾಗುವ ಒಂದು ಕೆಲಸವನ್ನು ಇಲ್ಲಿ ಸೂಚಿಸಬಹುದು. ಕೊಕ್ಕನೂರಿನಂಥ ಊರುಗಳ ಭತ್ತ ಗಿರಣಿಗೆ ಹೋದಾಗ ನೂರು ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಆ ಹೊಟ್ಟನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ. ಅದರ ಬಹುಭಾಗ ಸಿಲಿಕಾ. ದಾವಣಗೆರೆಯ ಹೆಸರಾಂತ ಮಂಡಕ್ಕಿ ಭಟ್ಟಿಗಳು ಉರಿಸುವುದು ಈ ಹೊಟ್ಟನ್ನೇ. ಕೆಲವೆಡೆ ಹಳೆಯ ಟೈರುಗಳನ್ನೂ ಉರಿಸಿದ್ದರಿಂದ ಅಲ್ಲಿನ ಕಾರ್ಮಿಕರೂ ನೆರೆಹೊರೆಯವರೂ ಕರಿಹೊಗೆ ಕುಡಿಯಬೇಕಾಯಿತು. ಇತ್ತ ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಉರಿಯುವ ಸೌದೆ ಸೊಪ್ಪಿನ ಬೆಟ್ಟದಿಂದ, ಕಾಡಿನಿಂದ ಬರಬೇಕು. ಎರಡು ಒಲೆಗಳ ಮುಖ್ಯ ದೋಷಗಳು ಒಂದೇ: ಉರಿಗೆ ಸಾಕಷ್ಟು ಗಾಳಿ ಸಿಗದೆ ಹೊಗೆಯಾಗುವುದು, ಸಿಕ್ಕ ಶಾಖ ಪಾತ್ರೆಗೆ ತಾಗದೆ ಹೊರಹೋಗುವುದು. ಅಸ್ತ್ರ ಒಲೆಯ ಇತಿಹಾಸ ಇಲ್ಲಿ ಎಚ್ಚರಿಕೆ ಕೊಡುತ್ತದೆ. ಮೂರು ಪಾತ್ರೆ ಕೂರುವ ಆ ಒಲೆ ಹೇಳಿದ ಅಳತೆಯಲ್ಲಿ ಕಟ್ಟಿದಾಗ ಸೌದೆ ಉಳಿಸಿತು. ಅಳತೆ ತಪ್ಪಿದರೆ, ಹೊಗೆಕೊಳವೆಯ ಮಸಿ ತೆಗೆಯದಿದ್ದರೆ ಹಳೆಯ ಒಲೆಯಂತೆಯೇ ಆಯಿತು. ಆದ್ದರಿಂದ ಒಲೆ ಕಟ್ಟುವ ಗಾರೆಯವನೂ, ಒಲೆಯ ಮುಂದೆ ಕೂರುವವಳೂ ಮೊದಲ ದಿನದಿಂದಲೇ ತಂಡದಲ್ಲಿರಬೇಕು.

ಪಾಲುದಾರಿಕೆಯಲ್ಲಿ ಅಪಾಯಗಳೂ ಇವೆ. ಪರಿಸರ ಚಳವಳಿಯ ಓದುಗರು ಅವನ್ನು ಕಡೆಗಣಿಸಬಾರದು. ಹಣ ಕೊಟ್ಟವರಿಗೆ ಬೇಡವಾದ ಫಲಿತಾಂಶ ಬಂದರೆ ವಿದ್ಯಾರ್ಥಿ ಅದನ್ನು ಬರೆಯಬಲ್ಲನೇ? ಹರಿಹರದ ಎದುರು ದಡದ ಕುಮಾರಪಟ್ಟಣದ ಕಾರ್ಖಾನೆಗಳಿಂದ ತುಂಗಭದ್ರೆ ಕೆಡುತ್ತಿದೆ ಎಂದು 1980ರ ದಶಕದಲ್ಲಿ ನದೀತೀರದ ಹಳ್ಳಿಗರು ಹೋರಾಟ ಕಟ್ಟಿದರು. ಅದೇ ದಶಕದಲ್ಲಿ, 1987ರ ನವೆಂಬರ್ 14ರಂದು, ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡ ನೆಡುವ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಇಂಥ ಹೋರಾಟಗಳಿಗೆ ಘೋಷಣೆಯಷ್ಟೇ ಅಳತೆಯೂ ಬೇಕು. ಅಳೆಯುವವನು ಯಾರ ಹಂಗಿನಲ್ಲೂ ಇರಬಾರದು. ನೀರು, ಗಾಳಿ, ಆರೋಗ್ಯಗಳಿಗೆ ಸಂಬಂಧಿಸಿದ ಫಲಿತಾಂಶವನ್ನು ಮುಚ್ಚಿಡುವಂತಿಲ್ಲ ಎಂಬ ಮಾತು ಒಪ್ಪಂದದಲ್ಲೇ ಇರಬೇಕು.

ಇನ್ನೊಂದು ಅಪಾಯ, ಊರಿನ ತಿಳಿವಳಿಕೆ ಯಾರದೋ ಸ್ವತ್ತಾಗುವುದು. ಕೊಳೆ ತಡೆಯಲು ಗೊನೆಗೆ ಕೊಟ್ಟೆ ಕಟ್ಟುವ ಪದ್ಧತಿ ಮಲೆನಾಡಿನ ಬೆಳೆಗಾರರಿಗೆ ವಿಜ್ಞಾನಿಗಳು ಬರುವ ಮೊದಲೇ ಗೊತ್ತಿತ್ತು. ಲೆಸ್ಲಿ ಕೋಲ್ಮನ್ ಅವರು 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಅಧ್ಯಯನ ನಡೆಸಿದ್ದು ಇಂಥ ಬೆಳೆಗಾರರ ತೋಟಗಳ ಸಮಸ್ಯೆಯ ಮೇಲೆಯೇ. ಭಾರತದ ಪೇಟೆಂಟ್ ಕಾಯ್ದೆಯ 3(ಪಿ) ವಿಧಿಯ ಪ್ರಕಾರ ಸಾಂಪ್ರದಾಯಿಕ ಜ್ಞಾನವನ್ನೇ ಹೊಸ ಆವಿಷ್ಕಾರವೆಂದು ಪೇಟೆಂಟ್ ಪಡೆಯುವಂತಿಲ್ಲ. ಕಾನೂನು ಇದ್ದರೆ ಸಾಲದು. ಯಾರಿಂದ ಏನು ಕಲಿತೆವೆಂದು ವಿದ್ಯಾರ್ಥಿಯ ವರದಿ ಸ್ಪಷ್ಟವಾಗಿ ದಾಖಲಿಸಬೇಕು, ಹೇಳಿದವರ ಒಪ್ಪಿಗೆ ಪಡೆದಿರಬೇಕು. ಹಾಗೆಯೇ ವಿದ್ಯಾರ್ಥಿಯೂ ಉದ್ಯಮಿಗೆ ಸಂಬಳವಿಲ್ಲದ ಆಳಾಗಬಾರದು.

ಹಾಗಾದರೆ ಮಾಡಬೇಕಾದುದೇನು? ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಚರ್ಚಿಸಿ, ಕನ್ನಡದಲ್ಲಿ ಬರೆದು, ಜೂನ್ ತಿಂಗಳಿಗೆ ಮುಂಚೆ ಕಾಲೇಜುಗಳಿಗೆ ಕಳಿಸಬೇಕು. ಹೆಂಗಸರು ಹೇಳಿದ ಪ್ರಶ್ನೆ ಆ ಪಟ್ಟಿಯ ಕೊನೆಯಲ್ಲಿರಬಾರದು. ಪ್ರಾಜೆಕ್ಟು ಮೂರನೆಯ ವರ್ಷದಲ್ಲೇ ಆರಂಭವಾಗಿ ಒಂದು ಪೂರ್ಣ ಹಂಗಾಮನ್ನು ದಾಟಬೇಕು. ಮುಗಿಯದಿದ್ದರೆ ಕಿರಿಯರ ತಂಡ ಅದನ್ನೇ ಮುಂದುವರಿಸಬೇಕು, ಹೊಸ ಶೀರ್ಷಿಕೆ ಹುಡುಕಬಾರದು. ಯಂತ್ರ ತಯಾರಿಸುವ ಮತ್ತು ರಿಪೇರಿ ಮಾಡುವ ವರ್ಕ್‌ಶಾಪು ಯಾವುದೆಂದು ಮೊದಲೇ ಗೊತ್ತಾಗಿರಬೇಕು. ಬಿಡಿಭಾಗಗಳು ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ದೊರೆಯುವಂತಿರಬೇಕು. ಸೋತ ಪ್ರಯೋಗದ ವರದಿಗೂ ಅಂಕ ಸಿಗಬೇಕು, ಏಕೆಂದರೆ ಮುಂದಿನ ತಂಡ ಅದೇ ಗುಂಡಿಗೆ ಬೀಳದಂತೆ ಅದು ಕಾಯುತ್ತದೆ. ವರದಿಯ ಕನ್ನಡ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಇರಬೇಕು. ಇವೆಲ್ಲದರ ನೆನಪನ್ನು ವರ್ಷದಿಂದ ವರ್ಷಕ್ಕೆ ಕಾಯುವ ಕೆಲಸ ಸಂಘಟನೆಗಳದು, ಏಕೆಂದರೆ ವಿದ್ಯಾರ್ಥಿಗಳೂ ಅಧಿಕಾರಿಗಳೂ ಬದಲಾಗುತ್ತಲೇ ಇರುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಮುಂಗಾರಿಗೆ ಮೊದಲು ಒಂದು ಊರನ್ನು ಆರಿಸಿಕೊಳ್ಳಿ. ಯಂತ್ರದ ಚಿತ್ರ ಬರೆಯುವ ಮುನ್ನ ಆ ಊರಿನ ಬೆಳೆಯ ಪಂಚಾಂಗವನ್ನು ಬರೆಯಿರಿ: ಯಾವ ತಿಂಗಳು ಯಾವ ಕೆಲಸ, ಅದನ್ನು ಮಾಡುವವರು ಯಾರು, ನೋವು ಎಲ್ಲಿ. ಗ್ರಾಮಬಂಧುಗಳೇ, ಆ ಮಕ್ಕಳು ಬಂದಾಗ ಜಗಲಿಯಲ್ಲಿ ಕೂರಿಸಿ ಉಪಚರಿಸಿ ಕಳಿಸಿಬಿಡಬೇಡಿ. ತೋಟಕ್ಕೆ, ಗದ್ದೆಗೆ, ಒಲೆಯ ಬಳಿಗೆ ಕರೆದೊಯ್ಯಿರಿ. ಅವರ ಯಂತ್ರ ಕೆಲಸ ಮಾಡದಿದ್ದರೆ ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಎನ್ನದೆ, ಎಲ್ಲಿ ತಪ್ಪಿದೆಯೆಂದು ಬಿಡಿಸಿ ಹೇಳಿ. ಆ ಒಂದು ಮಾತು ಅವರಿಗೆ ಬೇರೆಲ್ಲಿಯೂ ಸಿಗುವುದಿಲ್ಲ.