ಬಂಗರ ಮಡದಿ, ಚೌಟರ ಒಡತಿ

ಮಡಂತ್ಯಾರಿನಿಂದ ಒಂದು ಕಡೆಗೆ ಬಂಗಾಡಿ, ಇನ್ನೊಂದು ಕಡೆಗೆ ಮೂಡುಬಿದಿರೆ. ಬಂಗಾಡಿ ಬಂಗರಸರ ಮೂಲನೆಲೆ. ಮೂಡುಬಿದಿರೆ, ಉಳ್ಳಾಲ ಪುತ್ತಿಗೆಗಳಿಂದ ಆಳಿದ ಚೌಟರು ಕೊನೆಗೆ ಅರಮನೆ ಕಟ್ಟಿ ನೆಲೆನಿಂತ ಊರು. ಈ ಎರಡು ಮನೆತನಗಳನ್ನು ಬೆಸೆದು ಮುರಿದುಹೋದ ಮದುವೆ ಉಳ್ಳಾಲದ ಚೌಟರ ರಾಣಿ ಅಬ್ಬಕ್ಕನದು. ಗಂಡನನ್ನು ಬಿಟ್ಟು ಬಂದು ರಾಣಿಯಾದವಳು ಎಂಬಂತೆ ಆಕೆಯ ಕಥೆಯನ್ನು ಹೇಳುವುದುಂಟು. ನನಗೆ ಇದು ತಿರುವುಮುರುವಾಗಿ ಕಾಣುತ್ತದೆ. ಆಕೆ ರಾಣಿಯಾಗಿದ್ದುದರಿಂದಲೇ ಬಿಟ್ಟು ಬರುವುದು ಸಾಧ್ಯವಾಯಿತು. ಬೇರೆಡೆಯ ರಾಣಿಯರ ಪಟ್ಟ ಬಹುಮಟ್ಟಿಗೆ ಗಂಡನಿಂದ ಬಂದದ್ದು. ಹೋಲಿಕೆಗೆ, ಪುರಾತನ ಜಪಾನಿನ ರಾಣಿ ಕೋಮ್ಯೋ ರಾಜಮನೆತನದ ಹೊರಗೆ, ಪ್ರಬಲವಾದ ಫುಜಿವಾರ ಕುಲದಲ್ಲಿ ಹುಟ್ಟಿದವಳು. ಬಡವರಿಗೆ ಆಶ್ರಯವನ್ನೂ ರೋಗಿಗಳಿಗೆ ಔಷಧವನ್ನೂ ಒದಗಿಸಿದ ಆ ಮಹಾಸಾಧ್ವಿಗೆ 729ರಲ್ಲಿ ದೊರೆತ ಪಟ್ಟ ಮಾತ್ರ ಶೋಮು ಚಕ್ರವರ್ತಿಯ ಕೈಹಿಡಿದದ್ದರಿಂದ ಬಂದದ್ದು. ಅಳಿಯಸಂತಾನದ ತುಳುನಾಡಿನಲ್ಲಿ ಹಾಗಲ್ಲ. ಹೆಣ್ಣು ಮದುವೆಯಾದರೂ ತಾಯಿಯ ಕುಟುಂಬದವಳೇ. ಮಕ್ಕಳೂ ಆ ಕುಟುಂಬಕ್ಕೇ ಸೇರಿದವರು. ಬಂಗರಸನ ಮಡದಿ ಚೌಟರ ಮನೆಯಲ್ಲಿ ಹಕ್ಕುಳ್ಳ ಒಡತಿಯಾಗಿಯೇ ಉಳಿದಳು.

ಇದಕ್ಕೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಬರಹ ಆಧಾರ. 1623ರಲ್ಲಿ ಆತ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡ. ಆಕೆ ಬರಿಗಾಲಲ್ಲಿ, ಸೈನಿಕರೊಡನೆ, ಗದ್ದೆಗೆ ನೀರುಣಿಸುವ ಕಾಲುವೆಯ ಕೆಲಸ ನೋಡಲು ನಡೆದು ಬಂದಿದ್ದಳು. ಬಂಗರಸನೊಡನೆ ಮನಸ್ಸು ಮುರಿದಾಗ ಅವನು ಕೊಟ್ಟ ಒಡವೆಗಳನ್ನು ಹಿಂದಿರುಗಿಸಿದಳೆಂದೂ, ಆಮೇಲಿನ ಕಾಳಗದಲ್ಲಿ ಬಂಗರಸ ಪೋರ್ಚುಗೀಸರತ್ತ ವಾಲಿದರೆ ಈಕೆ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಪಡೆದಳೆಂದೂ ಆತ ಬರೆಯುತ್ತಾನೆ. ಒಡವೆಯ ಮಾತು ಆತ ಕೇಳಿ ಬರೆದದ್ದು, ಊರ ಗಾಳಿಮಾತಿರಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾದದ್ದೇ. ಆದರೆ ಕಾಲುವೆಯ ಬಳಿಗೆ ಬಂದ ರಾಣಿಯನ್ನು ಆತ ಕಣ್ಣಾರೆ ಕಂಡಿದ್ದಾನೆ. ಬಂಗರಸನ ವಿಚಾರ ಮಾತಾಡಲು ಗೋವೆಯಿಂದ ಇಕ್ಕೇರಿಗೆ ಹೊರಟಿದ್ದ ರಾಯಭಾರಿಯ ಜೊತೆಯಲ್ಲೇ ಆತ ಈ ಕಡೆಗೆ ಬಂದವನು. ಎಂದರೆ ಇಕ್ಕೇರಿಯೊಡನೆ ರಾಣಿಯ ಕೆಳೆ ಪೋರ್ಚುಗೀಸರ ಗೋವೆಯವರೆಗೂ ಲೆಕ್ಕಕ್ಕೆ ಬಂದಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅಳಿಯಸಂತಾನದಲ್ಲಿ ಹೆಣ್ಣಿನ ಮೂಲಕ ಆಸ್ತಿ ಇಳಿದರೂ ಯಜಮಾನಿಕೆ ಬಹುಪಾಲು ಸೋದರಮಾವನದೇ ಅಲ್ಲವೇ? ನಿಜ. ಕಟ್ಟಳೆಯೊಂದೇ ಯಾರನ್ನೂ ಆಳುವವಳನ್ನಾಗಿ ಮಾಡಲಿಲ್ಲ. ಬಾಗಿಲು ತೆರೆದಿತ್ತು, ಅಷ್ಟೇ. ಒಳಹೊಕ್ಕು ಆಳಲು ಧೈರ್ಯವೂ ಬುದ್ಧಿಯೂ ಬೇಕಾಗಿದ್ದವು. ಅವು ಇದ್ದದ್ದು ಚೌಟರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗಷ್ಟೇ ಅಲ್ಲ. ದೆಲ್ಲಾ ವಾಲ್ಲೆ ಕಂಡ ರಾಣಿಗೆ ಆತನ ಅಂದಾಜಿನಲ್ಲಿ ಸುಮಾರು 40 ವರ್ಷ. ಹಾಗಿದ್ದರೆ 1550ರ ದಶಕದಲ್ಲಿ ಪೋರ್ಚುಗೀಸರಿಗೆ ಕಪ್ಪ ಕೊಡದೆ ಎದುರು ನಿಂತ ಉಳ್ಳಾಲದ ರಾಣಿ ಈಕೆಯಾಗಿರಲಾರಳು. ಜನರ ನೆನಪು ಇಬ್ಬರನ್ನೋ ಅದಕ್ಕಿಂತ ಹೆಚ್ಚಿನವರನ್ನೋ ಒಬ್ಬ ಅಬ್ಬಕ್ಕನಾಗಿ ಕೂಡಿಸಿದೆ. ಇದರಿಂದ ಅಬ್ಬಕ್ಕನ ಹಿರಿಮೆ ಕುಗ್ಗುತ್ತದೆಂದು ಕೆಲವರು ನೊಂದುಕೊಳ್ಳುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ಒಬ್ಬಳೇ ಆಗಿದ್ದರೆ ಅದನ್ನು ಅಪರೂಪದ ಪವಾಡವೆಂದು ಬದಿಗಿಡಬಹುದಿತ್ತು. ಎರಡು ತಲೆಮಾರುಗಳಲ್ಲಿ ಹೆಂಗಸರು ಗದ್ದುಗೆಯಲ್ಲಿ ಕೂತು ಕಡಲಾಚೆಯವರೊಡನೆ ಕಾದಾಡಿದ್ದರೆ, ಆ ಮನೆಯಲ್ಲಿ ಹೆಣ್ಣಿನ ಆಳ್ವಿಕೆಗೆ ಒಂದು ರೂಢಿಯೇ ಇತ್ತೆಂದು ಒಪ್ಪಬೇಕಾಗುತ್ತದೆ.