ನೆಲದಡಿಯ ನಿಕ್ಷೇಪವೂ ನಾಡಿನ ಕಾಯಿದೆಯೂ

ವಿಜಯನಗರದ ಅರಸರು ದೇವಾಲಯಕ್ಕೋ ವಿದ್ವಾಂಸರಿಗೋ ಗ್ರಾಮವನ್ನು ದತ್ತಿಯಾಗಿ ಬಿಟ್ಟಾಗ ಬರೆಯಿಸಿದ ಶಾಸನಗಳನ್ನು ಓದಿದವರಿಗೆ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳ ಹೆಸರು ಪರಿಚಿತವಾಗಿರುತ್ತದೆ. ನೆಲದ ಮೇಲಣ ಬೆಳೆಯನ್ನು ಕೊಟ್ಟ ಮಾತ್ರಕ್ಕೆ ನೆಲದೊಳಗಣ ಸಂಪತ್ತನ್ನೂ ಕೊಟ್ಟಂತಾಗದು, ಅದನ್ನು ಬೇರೆಯಾಗಿ ಹೆಸರಿಸಿಯೇ ಕೊಡತಕ್ಕದ್ದೆಂಬ ವಿವೇಚನೆ ನಮ್ಮ ಹಿರಿಯರಿಗಿದ್ದಿತು. ಮೈಸೂರಿನ ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವಾದರೋ ಇನ್ನೂ ಸ್ಪಷ್ಟವಾಗಿ, ನಿಧಿಯ ಸುದ್ದಿಯನ್ನು ತಂದು ಒಪ್ಪಿಸಿದವನಿಗೆ ಆರನೆಯ ಒಂದು ಪಾಲೆಂದೂ, ಅವನು ಭೃತ್ಯನಾಗಿದ್ದರೆ ಹನ್ನೆರಡನೆಯ ಒಂದು ಪಾಲೆಂದೂ, ಲಕ್ಷವನ್ನು ಮೀರಿದ ನಿಧಿ ರಾಜಗಾಮಿಯೆಂದೂ ವಿಧಿಸುತ್ತದೆ. ಕಂಡುದನ್ನು ಮರೆಮಾಡದೆ ಬಂದು ಹೇಳುವವನಿಗೆ ಪ್ರತಿಫಲವಿರಬೇಕೆಂಬ ಈ ಲೋಕಜ್ಞಾನವೇ, ಬ್ರಿಟಿಷರ ಕಾಲದ 1878ರ ನಿಧಿ ಕಾಯಿದೆಯಲ್ಲಿಯೂ ಕಾಣುತ್ತದೆ.

ಆ ಕಾಯಿದೆಯ ಪ್ರಕಾರ, ನೆಲದಲ್ಲಿ ಹುದುಗಿದ್ದ ಹತ್ತು ರೂಪಾಯಿಗೆ ಮಿಗಿಲಾದ ಬೆಲೆಯ ವಸ್ತು ಯಾರಿಗೆ ದೊರೆತರೂ ಅವರು ಅದು ಏನು, ಎಲ್ಲಿ, ಎಂದು ಸಿಕ್ಕಿತೆಂಬುದನ್ನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಿ, ವಸ್ತುವನ್ನು ಖಜಾನೆಗೆ ಒಪ್ಪಿಸಬೇಕು, ಇಲ್ಲವೆ ಜಾಮೀನು ಕೊಡಬೇಕು. ಪ್ರಕಟಣೆ ಹೊರಟು ವಾರಸುದಾರರು ಯಾರೂ ಇಲ್ಲವೆಂದು ತೀರ್ಮಾನವಾದ ಮೇಲೆ, ಕಂಡವನಿಗೆ ಮುಕ್ಕಾಲು ಪಾಲು, ನೆಲದ ಒಡೆಯನಿಗೆ ಕಾಲು ಪಾಲು. ಸರ್ಕಾರವೇ ಅದನ್ನು ಇರಿಸಿಕೊಳ್ಳಬಯಸಿದರೆ ವಸ್ತುವಿನ ಬೆಲೆಯ ಮೇಲೆ ಐದನೆಯ ಒಂದು ಭಾಗವನ್ನು ಕೂಡಿಸಿ ಕೊಡಬೇಕು. ಮುಚ್ಚಿಟ್ಟವನಿಗೆ ಮಾತ್ರ ಪಾಲೂ ಇಲ್ಲ, ಸೆರೆವಾಸವೂ ಉಂಟು. ನಮ್ಮ ರಾಜ್ಯದಲ್ಲಿಯೂ ಈ ವಿಷಯಕ್ಕಾಗಿಯೇ 1962ರ ಕಾಯಿದೆಯೊಂದಿದೆ.

ಬೆಲೆಯನ್ನು ಕೊಟ್ಟರೆ ಸಾಲದೇ, ಸ್ಥಳವೂ ದಿನವೂ ಸರ್ಕಾರಕ್ಕೆ ಏತಕ್ಕೆ ಬೇಕೆಂದು ಕೇಳುವವರುಂಟು. ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ನೆನೆಯಬೇಕು. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಯಿಸಿದಾಗ, ಸಂತೆಯಲ್ಲಿ ಕಾಸಿಗೂ ಕೊಳ್ಳದ ಮಡಕೆಯ ಚೂರುಗಳು ಮಣ್ಣಿನ ಒಂದು ಪದರದಲ್ಲಿ ದೊರೆತವು. ಅದೇ ಬಗೆಯ ಚೂರುಗಳು ಪಾಂಡಿಚೇರಿಯ ಬಳಿಯ ಅರಿಕಮೇಡುವಿನಲ್ಲಿ ಕಾಲನಿರ್ಣಯವಾಗಿದ್ದ ರೋಮನ್ ಮಡಕೆಗಳ ಸಂಗಡ ಸಿಕ್ಕಿದ್ದುದರಿಂದ, ಬ್ರಹ್ಮಗಿರಿಯ ಆ ಪದರಕ್ಕೆ ಒಂದು ಕಾಲವನ್ನು ಗೊತ್ತುಮಾಡುವುದೂ, ಅದರಿಂದ ನಮ್ಮ ನಾಡಿನ ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿಯ ಕಾಲವನ್ನು ಊಹಿಸುವುದೂ ಸಾಧ್ಯವಾಯಿತು. ಆ ಚೂರನ್ನು ಯಾವನಾದರೂ ಮೊದಲೇ ಕಿತ್ತು ಒಯ್ದಿದ್ದರೆ ಅದು ಬರಿಯ ಚೂರಾಗಿಯೇ ಉಳಿಯುತ್ತಿದ್ದಿತು. ಪದರದಿಂದ ಬೇರ್ಪಟ್ಟ ವಸ್ತು, ಚಿನ್ನದ್ದೇ ಆಗಲಿ ಕಲ್ಲಿನದೇ ಆಗಲಿ, ತನ್ನ ಸಾಕ್ಷ್ಯದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಅದನ್ನು ಮುಂದೆ ಎಂತಹ ಪಂಡಿತನೂ ಮರಳಿಸಲಾರನು.

ಹೀಗೆ ಕಿತ್ತು ಒಯ್ದ ವಸ್ತುಗಳ ಮಾರಾಟಕ್ಕೆ ಕಡಿವಾಣ ಹಾಕಿದುದು 1972ರ ಪುರಾವಸ್ತು ಮತ್ತು ಕಲಾನಿಧಿಗಳ ಕಾಯಿದೆ. ನೂರು ವರ್ಷಕ್ಕೆ ಕಡಮೆಯಿಲ್ಲದ ವಿಗ್ರಹ, ನಾಣ್ಯ, ಚಿತ್ರಗಳೂ, ಎಪ್ಪತ್ತೈದು ವರ್ಷಗಳ ಹಸ್ತಪ್ರತಿಗಳೂ ಅದರ ವ್ಯಾಪ್ತಿಗೆ ಬರುತ್ತವೆ. ವ್ಯಾಪಾರಕ್ಕೆ ಪರವಾನಗಿ ಬೇಕು. ಸರ್ಕಾರ ಗೊತ್ತುಮಾಡಿದ ಬಗೆಯ ವಸ್ತುಗಳು ಮನೆಯಲ್ಲಿದ್ದರೆ ನೋಂದಣಿಯಾಗಬೇಕು. ಖಾಸಗಿಯವರು ಹೊರದೇಶಕ್ಕೆ ಒಯ್ಯುವುದಂತೂ ಸಲ್ಲದು. ಈ ಕಾಯಿದೆ ಜಾರಿಗೆ ಬಂದುದು 1976ರ ಏಪ್ರಿಲ್ 5ರಂದು.

ಅದೇ ವರ್ಷ ತಂಜಾವೂರು ಜಿಲ್ಲೆಯ ಪತ್ತೂರಿನಲ್ಲಿ, ಪಾಳುಬಿದ್ದ ಶಿವಾಲಯದ ಬಳಿ ಮಣ್ಣು ಅಗೆಯುತ್ತಿದ್ದ ಕೂಲಿಯೊಬ್ಬನಿಗೆ ಕಂಚಿನ ನಟರಾಜ ದೊರೆಯಿತು. ಅವನು ಕಲೆಕ್ಟರರ ಬಳಿಗೆ ಹೋಗಲಿಲ್ಲ. ವಿಗ್ರಹ ಕೈಯಿಂದ ಕೈಗೆ ಜಾರಿ ಲಂಡನ್ನಿಗೆ ತಲುಪಿ, ಸುಳ್ಳು ಪೂರ್ವೋತ್ತರಗಳ ಪತ್ರಗಳೊಂದಿಗೆ ಕೆನಡಾದ ತೈಲ ಕಂಪನಿಯೊಂದರ ಪಾಲಾಯಿತು. ಲಂಡನ್ನಿನ ಪೊಲೀಸರು ಅದನ್ನು ವಶಪಡಿಸಿಕೊಂಡ ಮೇಲೆ ವ್ಯಾಜ್ಯ ಆಂಗ್ಲ ನ್ಯಾಯಾಲಯಕ್ಕೆ ಏರಿತು. ಅದೇ ನೆಲದಲ್ಲಿ ಸಿಕ್ಕ ಇತರ ಕಂಚಿನ ವಿಗ್ರಹಗಳೊಡನೆ ಈ ನಟರಾಜನನ್ನು ತಜ್ಞರು ಹೋಲಿಸಿ ನೋಡಿದರು. 1988ರಲ್ಲಿ ತೀರ್ಪು ಭಾರತದ ಪರವಾಯಿತು. 1991ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ, ನಮ್ಮ ಧರ್ಮಶಾಸ್ತ್ರದಲ್ಲಿರುವಂತೆ ದೇವಾಲಯಕ್ಕೇ ಆಸ್ತಿಯನ್ನು ಹೊಂದುವ ಅಧಿಕಾರವುಂಟೆಂಬುದನ್ನು ಒಪ್ಪಿ, ಆ ತೀರ್ಪನ್ನೇ ಎತ್ತಿಹಿಡಿಯಿತು. ಪೂಜೆಯಿಲ್ಲದೆ ಶತಮಾನಗಳು ಕಳೆದಿದ್ದ ಗುಡಿಯೊಂದು ಸಮುದ್ರದಾಚೆ ವಾದಿಯಾಗಿ ನಿಂತು ಗೆದ್ದುದು ನಾನು ಬಲ್ಲ ನ್ಯಾಯವಾರ್ತೆಗಳಲ್ಲೆಲ್ಲ ಅತ್ಯಂತ ಸಂತೋಷವನ್ನು ಕೊಟ್ಟದ್ದು. ಆದರೂ ಹದಿನೈದು ವರ್ಷಗಳ ಆ ವನವಾಸ, ಊರಿನಲ್ಲಿಯೇ ಒಂದು ಅರ್ಜಿಯನ್ನು ಬರೆದುಕೊಟ್ಟಿದ್ದರೆ, ಅಷ್ಟೂ ತಪ್ಪುತ್ತಿದ್ದಿತು.

ನಮ್ಮಲ್ಲಿ ಇದಕ್ಕಿಂತ ಹೀನವಾದ ಕೃತ್ಯಗಳೂ ನಡೆಯುತ್ತವೆ. 2019ರ ಜುಲೈಯಲ್ಲಿ ನಿಧಿಗಳ್ಳರು ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ಒಡೆದು ಹಾಕಿದರು. ಊರ ಹೊರಗಣ ಬಸವನ ಕೆಳಗೂ ವೀರಗಲ್ಲಿನ ಬುಡದಲ್ಲಿಯೂ ಕೊಪ್ಪರಿಗೆ ಹೊನ್ನಿರುವುದೆಂದು ನಂಬಿಸುವ ಮಾತುಗಾರರು ಇರುವ ತನಕ, ಕಾವಲುಗಾರನಿಲ್ಲದ ನಮ್ಮ ಸಾವಿರಾರು ಗುಡಿಗಳಿಗೆ ಊರವರ ಕಣ್ಣಲ್ಲದೆ ಬೇರೆ ರಕ್ಷಣೆಯಿಲ್ಲ.

ಆದುದರಿಂದ ಶ್ರೋತೃ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮನೆಯ ಪಾಯ ತೋಡುವಾಗಲೋ ಹೊಲ ಉಳುವಾಗಲೋ ವಿಗ್ರಹ, ನಾಣ್ಯ, ತಾಮ್ರಶಾಸನಗಳೇನಾದರೂ ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿರಿ, ತೊಳೆಯದಿರಿ, ಉಜ್ಜದಿರಿ, ಹಂಚಿಕೊಳ್ಳದಿರಿ, ಅಂದೇ ತಹಸೀಲ್ದಾರರಿಗಾಗಲಿ ಜಿಲ್ಲಾಧಿಕಾರಿಗಳಿಗಾಗಲಿ ಬರಹದಲ್ಲಿ ತಿಳಿಸಿ, ಅದರ ಪ್ರತಿಯೊಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿರಿ.