ಮಕ್ಕಳ ಮೊಳಕೈ ಮುರಿತ



ಸಂಜೆ ಜಯನಗರದ ಉದ್ಯಾನಗಳಲ್ಲಿ ಉಯ್ಯಾಲೆಯಿಂದಲೋ ಜಾರುಬಂಡೆಯಿಂದಲೋ ಬೀಳುವ ಮಗು ಬಹುಮಟ್ಟಿಗೆ ಕೈಯೂರಿಯೇ ಬೀಳುತ್ತದೆ. ಆ ಪೆಟ್ಟು ಮೊಳಕೈಗೆ ತಗಲುವುದು. ಅಲ್ಲಿ, ಕೀಲಿನ ತುಸು ಮೇಲ್ಗಡೆ, ತೋಳಿನ ಎಲುಬು ಹಿಂದೆಯೂ ಮುಂದೆಯೂ ಗುಳಿಬಿದ್ದು ಹಪ್ಪಳದಂತೆ ತೆಳುವಾಗಿದೆ. ಐದರಿಂದ ಏಳು ವರ್ಷದ ಮಕ್ಕಳಲ್ಲಿ ಮೊಳಕೈ ಹೆಚ್ಚಾಗಿ ಮುರಿಯುವುದು ಈ ಸ್ಥಳದಲ್ಲಿಯೇ.

ಎಳೆಯ ಎಲುಬು ಕೂಡುವುದೇನೂ ದೊಡ್ಡದಲ್ಲ. ಭಯವಿರುವುದು ಅದರ ಮುಂದೆಯೇ ಹಾಯ್ದು ಮುಂಗೈಗೆ ರಕ್ತವನ್ನೊಯ್ಯುವ ಧಮನಿಯ ವಿಷಯದಲ್ಲಿ. ಮುರಿದ ತುದಿ ಅದನ್ನು ಒತ್ತಬಹುದು, ಬಾವು ಒತ್ತಬಹುದು. ಎಲ್ಲಕ್ಕಿಂತ ಶೋಚನೀಯವಾದುದೆಂದರೆ, ನಾವೇ ಬಿಗಿದ ಕಟ್ಟು ಒತ್ತಬಹುದು. ರಕ್ತವಿಲ್ಲದ ಮಾಂಸಖಂಡಗಳು ಕೆಲವೇ ಗಂಟೆಗಳಲ್ಲಿ ಸತ್ತು, ಮುಂದೆ ನಾರಾಗಿ ಸುರುಟಿ, ಬೆರಳುಗಳು ಹಕ್ಕಿಯ ಕಾಲಿನಂತೆ ಮಡಚಿಕೊಂಡುಬಿಡುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ ಎಂಬುವರು 1881ರಲ್ಲಿಯೇ ಇದನ್ನು ವಿವರಿಸಿ, ಬಿಗಿಗಟ್ಟಿನ ಮೇಲೆ ದೋಷವಿಟ್ಟರು.

ಬೆಂಗಳೂರಿನಲ್ಲಿ ‘ಪುತ್ತೂರು ಕಟ್ಟು’ ಎಂಬ ಫಲಕಗಳು ಅಪರೂಪವಲ್ಲ. ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಬಿದಿರ ದಬ್ಬೆಯಿಟ್ಟು ಕಟ್ಟುವ ಆ ಕೈಚಳಕವನ್ನು ನಾನು ಹಳಿಯಲಾರೆ. ಆದರೆ ಒಳಗಿನ ಧಮನಿಯ ಗತಿ ದಬ್ಬೆಯ ಮೇಲಿನಿಂದ ಕಾಣದು. ಮಗುವಿನ ಮೊಳಕೈಯನ್ನು ಅಲ್ಲಿಗೆ ಒಯ್ಯಬಾರದು. ಮನೆಯಲ್ಲಿಯೂ ಉಜ್ಜುವುದಾಗಲಿ, ಎಳೆಯುವುದಾಗಲಿ, ಬಲವಂತವಾಗಿ ಮಡಿಸುವುದಾಗಲಿ ಕೂಡದು.

ಮಾಡತಕ್ಕುದು ಸ್ವಲ್ಪವೇ. ಬಳೆ, ಉಂಗುರಗಳನ್ನು ತೆಗೆದು, ಕೈ ಇದ್ದ ಭಂಗಿಯಲ್ಲಿಯೇ ದಪ್ಪ ರಟ್ಟನ್ನು ಆಸರೆಯಿಟ್ಟು ಸಡಿಲವಾಗಿ ಕಟ್ಟಿ ಆಸ್ಪತ್ರೆಗೆ ಹೊರಡಿರಿ. ಅರಿವಳಿಕೆ ಬೇಕಾದೀತಾದುದರಿಂದ ಹಾಲು ತಿಂಡಿಗಳನ್ನು ಕೊಡಬೇಡಿರಿ. ಅಜ್ಜಿಯರಿಗೆ ಇದೇ ಕಷ್ಟದ ಮಾತು. ಉಗುರನ್ನು ಒತ್ತಿ ಬಿಟ್ಟರೆ ಬಣ್ಣ ಬೇಗನೆ ಮರಳುವುದೇ, ಹೆಬ್ಬೆರಳು ತೋರುಬೆರಳುಗಳ ತುದಿ ಸೇರಿಸಿ ಮಗು ಉಂಗುರ ಮಾಡಬಲ್ಲುದೇ, ನೋಡಿರಿ. ಬೆರಳು ತಣ್ಣಗಾಗಿ ಬಿಳುಪೇರಿದರೆ, ನೋವು ಏರುತ್ತಲೇ ಹೋದರೆ, ಅಥವಾ ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದಾಗ ಮಗು ಚೀರಿದರೆ, ಒಂದು ಗಳಿಗೆಯೂ ತಡಮಾಡತಕ್ಕುದಲ್ಲ. ದಕ್ಷಿಣ ಬಡಾವಣೆಗಳವರಿಗೆ ಬೈರಸಂದ್ರದಲ್ಲಿ ಸಂಜಯ ಗಾಂಧಿ ಮೂಳೆಚಿಕಿತ್ಸಾ ಸಂಸ್ಥೆ ಸಮೀಪವಾಗಿಯೇ ಇದೆ.

ಎಲುಬು ಕದಲದಿದ್ದರೆ ಮೂರು ವಾರಗಳ ಪಟ್ಟಿ ಸಾಕು. ಬಹಳ ಕದಲಿದ್ದರೆ ಅರಿವಳಿಕೆಯಲ್ಲಿ ಸರಿಕೂರಿಸಿ, ಚರ್ಮದ ಮೂಲಕ ಎರಡು ಮೂರು ತೆಳು ತಂತಿಗಳನ್ನು ತೂರಿಸುವರು. ಮೂರು ನಾಲ್ಕು ವಾರಗಳ ಬಳಿಕ ತೆಗೆಯುವರು. ತಂತಿಯೆಂದೊಡನೆ ತಾಯಿ ಹೆದರುವುದು ಸಹಜ. ಆದರೆ ತಂತಿಯಿದ್ದರೆ ಮೊಳಕೈಯನ್ನು ಬಲವಾಗಿ ಮಡಿಸಿ ಕಟ್ಟುವ ಅಗತ್ಯ ಬೀಳದು, ರಕ್ತಸಂಚಾರಕ್ಕೆ ಅಡ್ಡಿಯಾಗದು. ಪಟ್ಟಿ ಬಿಚ್ಚಿದ ಮೇಲೆ ಕೈ ಕೆಲವು ವಾರ ಪೆಡಸಾಗಿರುತ್ತದೆ. ಆಗ ಎಣ್ಣೆ ಹಚ್ಚಿ ಎಳೆದು ನೀವಬೇಡಿರಿ. ಮಗು ತಾನೇ ತಲೆ ಬಾಚಿಕೊಳ್ಳಲಿ, ಅಂಗಿಯ ಗುಂಡಿ ಹಾಕಿಕೊಳ್ಳಲಿ.